ಪಾರ್ಸೆಲ್ ಸಿದ್ಧತೆ: ಕೈಗೆಲಸದ ಮೂಲಕ ಭಾಷಾಬೋಧನೆ

(ಇಯತ್ತೆ 6 ಮತ್ತು 7, ಅವಧಿ: 3 ತಾಸು)

ಪ್ರಸ್ತಾವನೆ

ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರಗಾ ಭಾಗದ ಕನ್ನಡ ಮನೆಗಳಿಗೆ ಪಾರ್ಸೆಲ್ ಹೊಸದಲ್ಲ. ಪುಣೆಯಲ್ಲಿ ಓದುತ್ತಿರುವ ಮಗನಿಗೆ ಇಲ್ಲಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೋಗುತ್ತವೆ. ಗಡಿಯಾಚೆಯಿಂದ ಕನ್ನಡ ಪುಸ್ತಕಗಳು ಬರುತ್ತವೆ. ಪೇಟೆಯಲ್ಲಿ ಕನ್ನಡ ಕಥೆಪುಸ್ತಕ ಸುಲಭವಾಗಿ ದೊರೆಯದ ಈ ಭಾಗದಲ್ಲಿ ಪುಸ್ತಕದ ಒಂದು ಗಂಟು ಮಳೆಗೆ ನೆನೆದರೆ ಒಂದು ವರ್ಗದ ಓದೇ ನಿಂತುಹೋಗಬಹುದು. ಹೀಗಾಗಿ ಪಾರ್ಸೆಲ್ ಕಟ್ಟುವ ಅರಿವು ನಮ್ಮ ಮಕ್ಕಳಿಗೆ ಬೇಕಾದುದೇ ಆಗಿದೆ.

ಭಾಷಾ ಶಿಕ್ಷಕರಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಪಾರ್ಸೆಲನ್ನು ಎತ್ತುವವರು, ಒಂದರ ಮೇಲೊಂದು ಪೇರಿಸುವವರು, ಹಂಚುವವರು, ಕೊನೆಗೆ ತೆರೆಯುವವರು—ಇವರಾರೂ ಕಟ್ಟುವವನ ಕಣ್ಣೆದುರು ಇರುವುದಿಲ್ಲ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನು ಕಟ್ಟಬೇಕು. ಬರೆಯುವವನ ಸ್ಥಿತಿಯೂ ಹೀಗೆಯೇ. ಕಾಣದ ಓದುಗನನ್ನು ನೆನೆದು ಬರೆಯುವ ಅಭ್ಯಾಸಕ್ಕೆ ಈ ಕೈಗೆಲಸ ಒಳ್ಳೆಯ ತಳಹದಿ.

ಸಾಮಗ್ರಿ

ಹಳೆಯ ರಟ್ಟಿನ ಪೆಟ್ಟಿಗೆಗಳು, ಹಳೆಯ ಪತ್ರಿಕೆಗಳು, ಪ್ಲಾಸ್ಟಿಕ್ ಹಾಳೆ, ಅಂಟುಟೇಪು, ಸುತಳಿ, ಕತ್ತರಿ, ತಕ್ಕಡಿ, ಐದಾರು ಪುಸ್ತಕ, ಒಂದು ಡಬ್ಬಿ, ಕೆಲವು ಖಡಕ್ ರೊಟ್ಟಿ.

ಮೊದಲನೆಯ ತಾಸು: ಕಟ್ಟುವುದು

ವರ್ಗವನ್ನು ತಂಡಗಳಾಗಿ ವಿಂಗಡಿಸಿ, ಕೆಲವಕ್ಕೆ ಪುಸ್ತಕಗಳನ್ನೂ ಕೆಲವಕ್ಕೆ ರೊಟ್ಟಿಗಳನ್ನೂ ಕೊಡಬೇಕು. ಕಟ್ಟುವ ಮೊದಲು, “ಈ ವಸ್ತು ಯಾವುದರಿಂದ ಕೆಡುತ್ತದೆ?” ಎಂದು ಕೇಳಬೇಕು. ಉತ್ತರ ದೊರೆತರೆ ಕಟ್ಟುವ ಕ್ರಮವೂ ತಾನಾಗಿ ಹೊಳೆಯುತ್ತದೆ.

ಪುಸ್ತಕಕ್ಕೆ ನೀರು ಮತ್ತು ಮೂಲೆಗೆ ಬೀಳುವ ಪೆಟ್ಟು ಶತ್ರುಗಳು. ಪುಸ್ತಕಗಳನ್ನು ಮಲಗಿಸಿ, ಬೆನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬರುವಂತೆ ಜೋಡಿಸಬೇಕು. ಆಗ ಗಂಟು ಒಂದು ಕಡೆಗೆ ವಾಲುವುದಿಲ್ಲ. ಮೇಲೆ ಕೆಳಗೆ ರಟ್ಟು ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ, ಅಳತೆಗೆ ತಕ್ಕ ಸಣ್ಣ ಪೆಟ್ಟಿಗೆಯಲ್ಲಿಡಬೇಕು. ದೊಡ್ಡ ಪೆಟ್ಟಿಗೆಯ ತುಂಬ ಪುಸ್ತಕ ತುಂಬಿದರೆ ಅದರ ಭಾರಕ್ಕೆ ತಳವೇ ಬಿಚ್ಚಿಕೊಳ್ಳುತ್ತದೆ.

ಖಡಕ್ ರೊಟ್ಟಿ ಒಳಗೆ ಕುಲುಕಾಡಿದರೆ ಮುರಿಯುತ್ತದೆ. ತೇವ ಉಳಿದಿದ್ದರೆ ಬೂಸು ಹಿಡಿಯುತ್ತದೆ. ಪೂರ್ತಿ ಆರಿದ ರೊಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಸ್ವಚ್ಛವಾದ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಉಳಿದ ಜಾಗವನ್ನು ಮಡಚಿದ ಬಟ್ಟೆಯಿಂದ ತುಂಬಬೇಕು. ಅಚ್ಚಿನ ಮಸಿ ತಿನಿಸಿಗೆ ತಗಲುವುದರಿಂದ ಪತ್ರಿಕೆಯ ಕಾಗದದಲ್ಲಿ ರೊಟ್ಟಿ ಸುತ್ತಬಾರದು. ಡಬ್ಬಿಗೂ ಪೆಟ್ಟಿಗೆಗೂ ನಡುವೆ ಎಲ್ಲ ಕಡೆ ಎರಡು ಬೆರಳಷ್ಟು ದಪ್ಪಕ್ಕೆ ಮುದುಡಿದ ಪತ್ರಿಕೆ ತುಂಬಿದರೆ ಹೊರಗಿನ ಪೆಟ್ಟು ಒಳಗೆ ತಲುಪದು.

ಪೆಟ್ಟಿಗೆಯ ನಡುವಿನ ಸೀಳಿಗೂ ಎರಡು ಬದಿಯ ಅಂಚುಗಳಿಗೂ ಟೇಪು ಹಚ್ಚಿಸಬೇಕು. ಬಳಿಕ ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಲಿ. ಸದ್ದಾದರೆ ಒಳಗೆ ಸಂದು ಉಳಿದಿದೆ. ಕೊನೆಗೆ ಮೊಣಕಾಲೆತ್ತರದಿಂದ ಬೀಳಿಸಿ, ತೆರೆದು ಪರೀಕ್ಷಿಸಲಿ. ಪಟಾಕಿ, ಬೆಂಕಿಪೆಟ್ಟಿಗೆ, ಸೀಮೆಎಣ್ಣೆಯಂತಹ ಹೊತ್ತಿಕೊಳ್ಳುವ ವಸ್ತುಗಳನ್ನು ಟಪಾಲಿನಲ್ಲಿ ಕಳುಹಿಸಬಾರದೆಂಬುದನ್ನು ಇಲ್ಲಿಯೇ ತಿಳಿಸಬೇಕು. ಮೊದಲು ಪಾರ್ಸೆಲನ್ನು ಬಟ್ಟೆಯಲ್ಲಿಟ್ಟು ದಬ್ಬಣದಿಂದ ಹೊಲಿದು ಅರಗಿನ ಮುದ್ರೆ ಒತ್ತುತ್ತಿದ್ದರು; ಅದನ್ನು ಕಂಡ ಹಿರಿಯರಿದ್ದರೆ ಕರೆಸಿ ಮಾತನಾಡಿಸಬಹುದು.

ಎರಡನೆಯ ತಾಸು: ವಿಳಾಸ

ಆರು ಅಂಕೆಗಳ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅದರ ಮೊದಲ ಅಂಕೆ ವಲಯವನ್ನೂ ಕೊನೆಯ ಮೂರು ಅಂಕೆಗಳು ಹಂಚಿಕೆಯ ಟಪಾಲು ಕಚೇರಿಯನ್ನೂ ಸೂಚಿಸುತ್ತವೆ. ಉದಗೀರದ್ದು 413517, ನಿಲಂಗಾದ್ದು 413521, ಉಮರಗಾದ್ದು 413606; ಬೀದರದ್ದು 585401. ಇವುಗಳನ್ನು ಹಲಗೆಯ ಮೇಲೆ ಬರೆದು ಹೋಲಿಸಲು ಹೇಳಿದರೆ, ಮಹಾರಾಷ್ಟ್ರ 4ರಿಂದಲೂ ಕರ್ನಾಟಕ 5ರಿಂದಲೂ ಆರಂಭವಾಗುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ತಮ್ಮ ಊರಿನ ಪಿನ್‌ಕೋಡನ್ನು ಟಪಾಲು ಕಚೇರಿಯಲ್ಲಿ ಕೇಳಿ ಬರೆದು ತರಲಿ.

“ವಿಳಾಸವನ್ನು ಯಾವ ಲಿಪಿಯಲ್ಲಿ ಬರೆಯಬೇಕು?” ಎಂಬ ಪ್ರಶ್ನೆ ನಮ್ಮ ವರ್ಗಗಳಲ್ಲಿ ಬಂದೇ ಬರುತ್ತದೆ. ಪುಣೆಗೆ ಹೋಗುವುದಾದರೆ ಹಂಚುವವರು ಓದುವ ದೇವನಾಗರಿಯಲ್ಲಿ ಬರೆಯಬೇಕು. ಬೀದರಕ್ಕಾದರೆ ಕನ್ನಡದಲ್ಲಿ ಬರೆದು, ಇಲ್ಲಿಯ ಸಿಬ್ಬಂದಿಗೂ ತಿಳಿಯುವಂತೆ ಊರು ಮತ್ತು ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲಿಯೂ ಸೇರಿಸಬೇಕು. “ಹಾಗಾದರೆ ಕನ್ನಡ ಬಿಟ್ಟಂತಾಗಲಿಲ್ಲವೇ?” ಎಂದು ಮಗು ಕೇಳಿದರೆ ಶಿಕ್ಷಕರು ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಹೊರಗಿನ ಬರಹ ಸಾಗಿಸುವವರದು, ಒಳಗಿನ ಪತ್ರ ತೆರೆಯುವವರದು. ಆ ಪತ್ರವನ್ನು ಮಗು ತನ್ನ ಮನೆಯ ಕನ್ನಡದಲ್ಲಿ ಮನಸಾರೆ ಬರೆಯಲಿ. ಹೊರಗಿನ ಚೀಟಿ ಹರಿದರೂ ಪಾರ್ಸೆಲ್ ತಲುಪುವಂತೆ, ವಿಳಾಸದ ಇನ್ನೊಂದು ಪ್ರತಿಯನ್ನು ಒಳಗೂ ಇಡಿಸಬೇಕು. ಕಳುಹಿಸುವವರ ವಿಳಾಸವನ್ನೂ ಮರೆಯಬಾರದು.

ಪುಸ್ತಕ ಕಳುಹಿಸುವ ಶಾಲೆಗಳಿಗೆ ಒಂದು ಮಾಹಿತಿ: ಟಪಾಲು ಇಲಾಖೆಯ ‘ಜ್ಞಾನ ಪೋಸ್ಟ್’ ಸೇವೆ 2025ರ ಮೇ 1ರಿಂದ ಆರಂಭವಾಗಿದೆ. ಆರಂಭದ ದರದಂತೆ ತೆರಿಗೆಯ ಹೊರತು 300 ಗ್ರಾಂಗೆ 20 ರೂಪಾಯಿ, ಗರಿಷ್ಠ ಮಿತಿಯಾದ 5 ಕಿಲೋಗೆ 100 ರೂಪಾಯಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಆದುದರಿಂದ ಮಕ್ಕಳ ಕೈಬರಹ ಪತ್ರಿಕೆಯನ್ನು ಸಾಮಾನ್ಯ ಪಾರ್ಸೆಲಾಗಿಯೇ ಕಳುಹಿಸಬೇಕು.

ಮೂರನೆಯ ತಾಸು: ಸೂಚನೆ ಬರೆಯುವುದು

ಪ್ರತಿ ತಂಡವೂ ತಾನು ಕಟ್ಟಿದ ಕ್ರಮವನ್ನು ಎಂಟು ಹತ್ತು ವಾಕ್ಯಗಳಲ್ಲಿ ಬರೆಯಲಿ. ‘ಸುತ್ತಿರಿ, ತುಂಬಿರಿ’ ಎಂಬ ವಿಧ್ಯರ್ಥಕ ರೂಪಗಳೂ ‘ಇಟ್ಟು, ಮಡಚಿ, ಅಂಟಿಸಿ’ ಎಂಬ ಕೃದಂತಾವ್ಯಯಗಳೂ ಇಲ್ಲಿ ಸಹಜವಾಗಿ ಬರುತ್ತವೆ. ‘ತುಂಬು’ ಮತ್ತು ‘ತುರುಕು’, ‘ಕಟ್ಟು’ ಮತ್ತು ‘ಬಿಗಿ’ ಇವುಗಳ ಅರ್ಥಭೇದವನ್ನು ಕೈಯಿಂದ ಮಾಡಿ ತೋರಿಸಬಹುದು.

ಮೌಲ್ಯಮಾಪನ

ಒಂದು ತಂಡದ ಬರಹವನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬಾಯಿಮಾತಿನ ಸಹಾಯವಿಲ್ಲದೆ ಅದರಂತೆಯೇ ಕಟ್ಟಲು ಹೇಳಬೇಕು. ಕಟ್ಟುವವರ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಬರಹದಲ್ಲಿ ಏನೋ ಬಿಟ್ಟುಹೋಗಿದೆ. ಆ ವಾಕ್ಯವನ್ನು ಬರೆದವರೇ ತಿದ್ದಲಿ. ತಿದ್ದಿದ ಬರಹಕ್ಕೂ ಬೀಳಿಸಿದರೂ ಕೆಡದ ಪಾರ್ಸೆಲಿಗೂ ಸಮಾನ ಅಂಕಗಳಿರಲಿ. ಸಾಧ್ಯವಾದರೆ ಒಂದು ಪಾರ್ಸೆಲನ್ನು ನಿಜವಾಗಿಯೂ ನೆರೆಯ ಕನ್ನಡ ಶಾಲೆಗೆ ಕಳುಹಿಸಿ, ರಸೀದಿಯನ್ನು ವರ್ಗದ ದಾಖಲೆಯಲ್ಲಿಡಬೇಕು. ಅಲ್ಲಿಂದ ಬರುವ ಉತ್ತರವೇ ಮುಂದಿನ ಪತ್ರಲೇಖನ ಪಾಠಕ್ಕೆ ಸಾಮಗ್ರಿಯಾಗುತ್ತದೆ.