ಅಟ್ರಾಸಿಟಿ ಕೇಸು ಗಟ್ಟಿಯಾಗಿ ನಿಲ್ಲಲು ಎಂಟು ಸೂತ್ರ

2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಮರಕುಂಬಿಯ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷದ ಮೇಲೆ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ಎರಡೂ ಕಡೆ ಇದ್ದದ್ದು 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯೇ. ಕಾಯ್ದೆಗೆ ಬಲ ಬರುವುದು ಸಾಕ್ಷ್ಯದಿಂದ, ಅದನ್ನು ಮೊದಲ ದಿನದಿಂದಲೇ ಕೂಡಿಡಬೇಕು.

1. ಏಟು ಬಿದ್ದರಷ್ಟೇ ದೌರ್ಜನ್ಯ ಅಂದುಕೊಳ್ಳಬೇಡಿ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದರು. ಗುಡಿಯೊಳಗೆ ಬಿಡದಿರುವುದು, ಮೀಸೆ ಬೋಳಿಸುವುದು, ಚಪ್ಪಲಿ ಹಾರ ಹಾಕುವುದು, ಕೂಲಿ, ಅಂಗಡಿ, ನೀರು ನಿಲ್ಲಿಸಿ ಬಹಿಷ್ಕಾರ ಹಾಕುವುದು, ಇವೆಲ್ಲವೂ ಅಪರಾಧವೇ.

2. ಯಾರ ಎದುರು ನಡೆಯಿತು, ಬರೆದಿಡಿ. ಜಾತಿ ನಿಂದನೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕೆಂದು ಕಾನೂನು ಕೇಳುತ್ತದೆ. ಬೇರೆ ಯಾರೂ ಇಲ್ಲದ ನಾಲ್ಕು ಗೋಡೆಗಳ ನಡುವಿನ ಬೈಗುಳ ಜಾತಿ ನಿಂದನೆಯ ಸೆಕ್ಷನ್‌ಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿದ್ದವರ ಹೆಸರು, ಜಾಗ, ಹೊತ್ತು, ಆಡಿದ ಮಾತು ಎಲ್ಲವನ್ನೂ ಅಂದೇ ಕಾಗದಕ್ಕಿಳಿಸಿ.

3. ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಬಿದ್ದೆ ಎನ್ನಬೇಡಿ, ಹೊಡೆದರು ಎಂದೇ ಹೇಳಿ ವೈದ್ಯಕೀಯ-ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಹರಿದ ಬಟ್ಟೆ ಒಗೆಯಬೇಡಿ, ಫೋನಿನ ವಿಡಿಯೊ ಅಳಿಸಬೇಡಿ.

4. ದೂರಿನಲ್ಲಿ ಇಬ್ಬರ ಜಾತಿಯೂ ಇರಲಿ. ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಲ್ಲ ಎಂಬುದು ಸ್ಪಷ್ಟವಾಗಬೇಕು. ನಿಮ್ಮ ಜಾತಿ ಪ್ರಮಾಣಪತ್ರ ಲಗತ್ತಿಸಿ. ಆತನಿಗೆ ನಿಮ್ಮ ಮನೆಯವರ ಪರಿಚಯವಿದ್ದರೆ ಅದನ್ನೂ ಬರೆಯಿರಿ: ಆಗ ಜಾತಿ ಅವನಿಗೆ ಗೊತ್ತಿತ್ತೆಂದೇ ಕೋರ್ಟ್ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವನದು.

5. "ಮೊದಲು ವಿಚಾರಣೆ ಮಾಡ್ತೀವಿ" ಎಂದು ಪೊಲೀಸರು ಹೇಳಿದರೆ ಒಪ್ಪಬೇಡಿ. 2018ರ ತಿದ್ದುಪಡಿಯ ಪ್ರಕಾರ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು; ಪ್ರತಿ ಉಚಿತವಾಗಿ ಕೊಡಬೇಕು. ಬೇಕೆಂದೇ ಈ ಕರ್ತವ್ಯ ಮರೆತ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲಿದೆ. ಠಾಣೆ ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

6. ತನಿಖೆಯ ಬೆನ್ನು ಬಿಡಬೇಡಿ. ತನಿಖಾಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು. ಚಾರ್ಜ್‌ಶೀಟ್‌ಗೆ 60 ದಿನದ ಗಡುವಿದೆ. ಆರೋಪಿ ಜಾಮೀನು ಕೇಳಿದರೆ ನಿಮಗೆ ನೋಟಿಸ್ ಬರಬೇಕು, ನಿಮ್ಮ ಮಾತನ್ನೂ ಕೋರ್ಟ್ ಕೇಳಬೇಕು.

7. ಪರಿಹಾರ ನಿಮ್ಮ ಹಕ್ಕು, ಕೇಳಿ ಪಡೆಯಿರಿ. ಪರಿಹಾರ ನೀಡಲು ಏಳು ದಿನದ ಗಡುವನ್ನು ನಿಯಮವೇ ಹಾಕಿದೆ. ಪೂರ್ತಿ ಮೊತ್ತ ಮಾತ್ರ ಹಂತ ಹಂತವಾಗಿ ಬರುತ್ತದೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸುತ್ತಿರಿ. ತನಿಖೆಗೆ, ವಿಚಾರಣೆಗೆ ಓಡಾಡಿದ ಬಸ್‌ಚಾರ್ಜೂ ಸಿಗುತ್ತದೆ, ಸಾಕ್ಷಿಗಳಿಗೂ. ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ 14566, ಕಾನೂನು ನೆರವಿಗೆ 15100, ತುರ್ತಿಗೆ 112. ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ದೂರು ಕೊಡಬಹುದು.

8. ಸಾಕ್ಷಿಯನ್ನು ಒಂಟಿ ಬಿಡಬೇಡಿ. ಕೇಸು ಸೋಲುವುದು ಹೆಚ್ಚಾಗಿ ಊರ ಕಟ್ಟೆಯ ಮೇಲೆ: "ಒಂದೇ ಊರಲ್ಲಿ ಬಾಳ್ಬೇಕು, ರಾಜಿ ಮಾಡ್ಕೊಳ್ಳಿ" ಎಂಬ ಮಾತಿನಿಂದ, ಕೂಲಿ ಕೊಡುವವರ ಒತ್ತಡದಿಂದ. ಕೋರ್ಟಿನ ದಿನ ಸಾಕ್ಷಿಯ ಜೊತೆ ನಾಲ್ಕು ಜನ ಹೋಗಿ. ಸಂಘಟನೆಯವರ, ವಕೀಲರ ನೆರವು ಪಡೆಯಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಬೆದರಿಕೆ ಬಂದರೆ ರಕ್ಷಣೆ ಕೋರಿ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬೆದರಿಸಿದವನ ಮೇಲೆ ಅಂದೇ ಇನ್ನೊಂದು ದೂರು ಕೊಡಿ.