ಹಿಟ್ಟು ನಾದಲು ಕಲಿಸುವಾಗ

ಬರುವ ಶನಿವಾರ ಮಧ್ಯಾಹ್ನ ನಿಮ್ಮ ಹದಿಹರೆಯದ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ. ಹುಡುಗರನ್ನೂ ಬಿಡಬೇಡಿ. ಬ್ರೆಡ್ಡಿನ ಹಿಟ್ಟು ನಾದುವುದು ಅವರಿಗೊಂದು ಪಾಠ, ಕಲಿಸುವ ನಮಗೂ ಪಾಠ.

"ನನ್ನ ಮಗಳು ನೋಡಿ ಕಲಿಯುವವಳು, ಮಗ ಕೇಳಿ ಕಲಿಯುವವನು" ಎನ್ನುವ ತಾಯಂದಿರಿದ್ದಾರೆ. ಕಲಿಯುವ ಬಗೆಗಳನ್ನು ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡಿ ತಿಳಿಯುವುದು ಎಂದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ವಿಂಗಡಿಸಿದ್ದರು. ಶಿಕ್ಷಕರಿಗೆ ಇದು ಬಹಳ ಹಿಡಿಸಿತು. ಆದರೆ 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು ಹಿಂದಿನ ಸಂಶೋಧನೆಗಳನ್ನು ಪರಿಶೀಲಿಸಿ, ಹೀಗೆ ಮಕ್ಕಳನ್ನು ಬೇರೆ ಬೇರೆ ಮಾಡಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದರು. ಆದ್ದರಿಂದ ಮಗುವಿಗೆ ಚೀಟಿ ಅಂಟಿಸುವುದು ಬೇಡ. "ಇವನು ಓದಿನಲ್ಲಿ ಹಿಂದೆ, ಕೈಕೆಲಸಕ್ಕೇ ಲಾಯಕ್ಕು" ಎಂದರೆ 14ರ ಹುಡುಗ ಬೇಗ ನಂಬಿಬಿಡುತ್ತಾನೆ. ನಂಬಿದವನು ಪುಸ್ತಕ ತೆರೆಯುವುದಿಲ್ಲ.

ಹಿಟ್ಟಿನ ಮುಂದೆ ಎಲ್ಲರಿಗೂ ಕಣ್ಣು, ಕಿವಿ, ಕೈ ಮೂರೂ ಬೇಕು. ಅರ್ಧ ಕಿಲೋ ಮೈದಾ, 300 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, ಒಂದೂವರೆ ಟೀ ಚಮಚ ಒಣ ಈಸ್ಟ್, ಅಷ್ಟೇ ಉಪ್ಪು, ಒಂದೊಂದು ಚಮಚ ಸಕ್ಕರೆ, ಎಣ್ಣೆ. ಈ ಅಳತೆಯನ್ನು ಮಕ್ಕಳೇ ಬರೆದುಕೊಳ್ಳಲಿ. ನೀರಿಗೆ ಸಕ್ಕರೆ, ಈಸ್ಟ್ ಹಾಕಿ 10 ನಿಮಿಷ ನೊರೆ ಏಳುವುದನ್ನು ನೋಡಲಿ. ನೊರೆ ಬರದಿದ್ದರೆ ಈಸ್ಟ್ ಹಳೆಯದು, ಇಲ್ಲವೇ ನೀರು ತೀರಾ ಬಿಸಿಯಾಗಿ ಅದು ಸತ್ತಿದೆ. ಬೈಯದೆ ಮತ್ತೊಮ್ಮೆ ಮಾಡಿಸಿ. ಆಮೇಲೆ ಉಳಿದದ್ದೆಲ್ಲ ಸೇರಿಸಿ ಕಲಸಲಿ.

ಮೊದಮೊದಲು ಹಿಟ್ಟು ಕೈಗೆ ಅಂಟುತ್ತದೆ. "ಇನ್ನಷ್ಟು ಮೈದಾ ಹಾಕಲಾ ಅಮ್ಮಾ?" ಎಂದು ಕೇಳುವುದು ಇಲ್ಲೇ. ಬೇಡ ಎನ್ನಿ, ಚಪಾತಿ ಹಿಟ್ಟಿಗಿಂತ ಇದು ಮೆತ್ತಗಿರಬೇಕು. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ತಿರುಗಿಸಿ ಮತ್ತೆ ಒತ್ತಲಿ. ಸುಮಾರು 10 ನಿಮಿಷಕ್ಕೆ ಅಂಟು ಹೋಗಿ ನುಣುಪು ಬರುತ್ತದೆ. ಮೈದಾದ ಪ್ರೋಟೀನುಗಳು ನೀರು ಸೇರಿ ಗ್ಲುಟೆನ್ ಎಂಬ ಬಲೆಯಾಗುತ್ತವೆ, ಈಸ್ಟ್ ಬಿಡುವ ಅನಿಲವನ್ನು ಆ ಬಲೆ ಹಿಡಿದಿಡುತ್ತದೆ. ಈ ಮಾತನ್ನು ಮೊದಲೇ ಹೇಳಬೇಡಿ, ಹಿಟ್ಟು ಕೈಯಲ್ಲಿರುವಾಗ ಹೇಳಿ. ಚಿಕ್ಕ ಉಂಡೆಯೊಂದನ್ನು ಹಿಗ್ಗಿಸಿ ಬೆಳಕಿಗೆ ಹಿಡಿಯಲಿ. ಹರಿಯದೆ ತೆಳು ಪರದೆಯಂತಾದರೆ ನಾದಿದ್ದು ಸಾಕು.

ಒದ್ದೆ ಬಟ್ಟೆ ಮುಚ್ಚಿಡಿ. ಸೆಖೆಯ ದಿನ ಒಂದು ಗಂಟೆಯಲ್ಲಿ ಇಮ್ಮಡಿಯಾಗುತ್ತದೆ. ಕಾಯುವ ಹೊತ್ತಿನಲ್ಲಿ ಸಂತ ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಿಂದ ಹುಳಿಹಿಟ್ಟಿನ ಸಾಮತಿಯನ್ನು ಮಕ್ಕಳಿಂದಲೇ ಓದಿಸಿ. ಆ ಮಹಿಳೆಯ ಮೂರು ಅಳತೆ ಹಿಟ್ಟು ಸುಮಾರು 20 ಕಿಲೋ ಎಂದು ಹೇಳಿ. ಅರ್ಧ ಕಿಲೋಗೇ ತೋಳು ನೋಯಿಸಿಕೊಂಡವರಿಗೆ ಬೇರೆ ವಿವರಣೆ ಬೇಕಾಗದು.

ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧ ಮೇಲೆದ್ದರೆ ಹದ ಬಂದಿದೆ. ಆಕಾರ ಕೊಟ್ಟು, ಇನ್ನೊಮ್ಮೆ ಉಬ್ಬಲು ಬಿಟ್ಟು, 200 ಡಿಗ್ರಿ ಓವನ್ನಿನಲ್ಲಿ ಅರ್ಧ ಗಂಟೆ ಬೇಯಿಸಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಆ ಸದ್ದನ್ನು ಬರೆದು ತಿಳಿಸಲು ನನಗೆ ಬಾರದು. ಮಕ್ಕಳೇ ತಟ್ಟಿ ಕೇಳಲಿ. ಮುಂದಿನ ಶನಿವಾರ ನೀವು ಹೊರಗೆ ಕುಳಿತಿರಿ, ತಮ್ಮನಿಗೆ ಅಣ್ಣನೇ ಕಲಿಸಲಿ.