‘ಮುಂದುವರಿಸು’ ಎಂಬ ಒಂದು ಅರ್ಥ, ಇಂಗ್ಲಿಷಿನ ನಾಲ್ಕು ಮಾತು

ಅಭ್ಯಾಸ ಬೋಧನೆಯ ಎರಡನೆಯ ವಾರದಲ್ಲಿ ಒಂಬತ್ತನೆಯ ತರಗತಿಗೆ ನಾನು ಆರಿಸಿಕೊಂಡ ಪಾಠಾಂಶ ಇದು: ‘ಕಂಟಿನ್ಯೂ’, ‘ಗೋ ಆನ್’, ‘ಕೀಪ್ ಆನ್’, ‘ಕ್ಯಾರಿ ಆನ್’. ನಾಲ್ಕಕ್ಕೂ ‘ಮುಂದುವರಿಸು’ ಎಂದು ಕರಿಹಲಗೆಯ ಮೇಲೆ ಬರೆದರೆ ಪಾಠ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಮಾತ್ರ ಏನೂ ದಕ್ಕುವುದಿಲ್ಲ. ಆದ್ದರಿಂದ ಪೀಠಿಕೆಯನ್ನು ಕನ್ನಡದಲ್ಲೇ ಇಟ್ಟುಕೊಂಡೆ.

‘ಮಗು ಅಳುತ್ತಾ ಇತ್ತು’, ‘ಮಗು ಅಳುತ್ತಲೇ ಇತ್ತು’ ಎಂದು ಎರಡು ವಾಕ್ಯ ಬರೆದು, ವ್ಯತ್ಯಾಸವೇನು ಎಂದು ಕೇಳಿದೆ. ‘ಎರಡನೆಯದರಲ್ಲಿ ಹೇಳುವವರಿಗೆ ಸಾಕಾಗಿಹೋಗಿದೆ ಸರ್’ ಎಂದ ಒಬ್ಬ ಹುಡುಗ. ನನ್ನ ಪಾಠ ಯೋಜನೆಯಲ್ಲಿದ್ದ ವಿವರಣೆಗಿಂತ ಇದು ಚೆನ್ನಾಗಿತ್ತು. ‘ಅಳುತ್ತಲೇ’ ಎಂಬಲ್ಲಿನ ಏಕಾರ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಕೀಪ್ ಆನ್’ ಮಾಡುತ್ತದೆ: ‘ದ ಬೇಬಿ ಕೆಪ್ಟ್ ಆನ್ ಕ್ರೈಯಿಂಗ್.’ ಬಿಡದೆ, ಮತ್ತೆ ಮತ್ತೆ ಎಂಬ ಭಾವ. ಒಮ್ಮೊಮ್ಮೆ ಕೇಳುವವರ ಬೇಸರ, ಒಮ್ಮೊಮ್ಮೆ ಮಾಡುವವರ ಹಠ. ಇದರ ಮುಂದೆ ಕ್ರಿಯಾಪದದ ‘ಇಂಗ್’ ರೂಪವೇ ಬರಬೇಕು, ‘ಟು’ ಬರುವಂತಿಲ್ಲ. ‘ಕಂಟಿನ್ಯೂ’ ಎರಡನ್ನೂ ಸಹಿಸುತ್ತದೆ, ಅರ್ಥವೂ ಹೆಚ್ಚು ಬದಲಾಗದು. ಅದು ಸ್ವಲ್ಪ ಗಂಭೀರ, ವರದಿ ಮತ್ತು ಅರ್ಜಿಗಳಿಗೆ ಒಗ್ಗುವ ಮಾತು.

‘ಕ್ಯಾರಿ ಆನ್’ ವಿವರಿಸಲು ನನಗೆ ಕಷ್ಟವಾಗಲಿಲ್ಲ. ವೀಕ್ಷಣೆಗೆಂದು ಮಾರ್ಗದರ್ಶಕರು ಒಳಗೆ ಬರುತ್ತಾರೆ, ಮಕ್ಕಳು ಎದ್ದು ನಿಲ್ಲುತ್ತಾರೆ, ನಮ್ಮ ಬಾಯಿ ಒಣಗುತ್ತದೆ. ಆಗ ಅವರು ಕೈಯಾಡಿಸಿ ಹೇಳುವ ಮಾತೇ ಅದು. ನಡುವೆ ಅಡ್ಡಿ ಬಂದರೂ ಹಿಡಿದ ಕೆಲಸ ಬಿಡದಿರುವುದು.

ಹೆಚ್ಚು ಹೊತ್ತು ಬೇಕಾದದ್ದು ‘ಗೋ ಆನ್’ಗೆ. ‘ಶಿ ವೆಂಟ್ ಆನ್ ಟೀಚಿಂಗ್’ ಎಂದರೆ ಪಾಠ ಮಾಡುತ್ತಲೇ ಹೋದರು, ಕೆಲಸ ಅದೇ. ‘ಶಿ ವೆಂಟ್ ಆನ್ ಟು ಟೀಚ್’ ಎಂದರೆ ಬೇರೇನೋ ಮಾಡಿದ ಮೇಲೆ ಪಾಠ ಹೇಳುವುದಕ್ಕೆ ತೊಡಗಿದರು; ಕೆಲಸ ಹೊಸದು. ಅಬ್ದುಲ್ ಕಲಾಂ ವಿಜ್ಞಾನಿಯಾಗಿದ್ದು 2002ರಲ್ಲಿ ರಾಷ್ಟ್ರಪತಿಯಾದುದನ್ನು ‘ವೆಂಟ್ ಆನ್ ಟು ಬಿಕಮ್’ ಎಂದೇ ಹೇಳಬೇಕು. ಇಲ್ಲಿ ‘ಕಂಟಿನ್ಯೂಡ್ ಟು ಬಿಕಮ್’ ಎಂದರೆ ಅರ್ಥವೇ ಕೆಡುತ್ತದೆ. ಕನ್ನಡದಲ್ಲಿ ಈ ಎರಡನೆಯ ಅರ್ಥಕ್ಕೆ ‘ಮುಂದುವರಿಸು’ ಹೊಂದುವುದೇ ಇಲ್ಲ. ‘ಮುಂದೆ ರಾಷ್ಟ್ರಪತಿಯಾದರು’ ಎನ್ನುತ್ತೇವೆ. ಆ ‘ಮುಂದೆ’ಯನ್ನು ತೋರಿಸಿದ ಮೇಲೆ ತರಗತಿಗೆ ವಿಷಯ ಹಿಡಿಯಿತು.

ಮೌಲ್ಯಮಾಪನಕ್ಕೆ, ಹತ್ತನೆಯ ತರಗತಿಯ ನಂತರ ಏನು ಮಾಡುತ್ತೀರಿ ಎಂದು ಒಂದು ವಾಕ್ಯ ಬರೆಯಿಸಿದೆ. ಬಹುಪಾಲು ‘ಐ ವಿಲ್ ಕಂಟಿನ್ಯೂ ಮೈ ಸ್ಟಡೀಸ್’ ಎಂದೇ ಬಂತು. ಒಬ್ಬ ಹುಡುಗಿ ‘ಐ ವಿಲ್ ಕೀಪ್ ಆನ್ ಸ್ಟಡಿಯಿಂಗ್’ ಎಂದು ಬರೆದಿದ್ದಳು. ಯಾಕೆ ಇದನ್ನು ಆರಿಸಿದೆ ಎಂದು ಕೇಳಿದೆ. ‘ಅಕ್ಕನ್ನ ಹತ್ತನೇ ಕ್ಲಾಸಿಗೇ ಬಿಡಿಸಿದ್ರು ಸರ್. ನಾನು ಓದ್ತಾನೇ ಇರ್ತೀನಿ’ ಎಂದಳು.

ಅವಳಿಗೆ ಬೇಕಿದ್ದದ್ದು ಆ ಏಕಾರವೇ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾಗಿದ್ದರೆ ಉತ್ತರಸೂಚಿಯಲ್ಲಿ ‘ಕಂಟಿನ್ಯೂ’ ಒಂದೇ ಇರುತ್ತಿತ್ತು, ಅವಳ ಅಂಕ ಹೋಗುತ್ತಿತ್ತು. ಇಂಥ ಪದಗಳಿಗೆ ಬಿಟ್ಟ ಸ್ಥಳದ ಪ್ರಶ್ನೆ ಸಲ್ಲದೆಂದು ನನಗನ್ನಿಸುತ್ತದೆ. ‘ಅಂಕಪಟ್ಟಿಗೆ ಕಾರಣ ಕೇಳುವ ಪುರುಸೊತ್ತಿಲ್ಲ’ ಎಂದು ಮಾರ್ಗದರ್ಶಕರು ಹೇಳಿದ್ದೂ ಸುಳ್ಳಲ್ಲ. ಅವಳ ವಾಕ್ಯಕ್ಕೆ ಸರಿ ಗುರುತು ಹಾಕಿ, ಕೆಳಗೆ ‘ಕಂಟಿನ್ಯೂ ಮೈ ಸ್ಟಡೀಸ್’ ಎಂದೂ ಬರೆದುಕೊಟ್ಟೆ. ವಿದ್ಯಾರ್ಥಿವೇತನದ ಅರ್ಜಿ ಬರೆಯುವಾಗ ಆ ರೂಪ ಬೇಕಾದೀತು.